ಅಂಗಡಿ ನೆಲ ಕುಸೀತಾ ಇದೆ, ಯಾರನ್ನ ಕೇಳೋದು?

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಸಣ್ಣ ಆಫ್‌ಸೆಟ್ ಪ್ರಿಂಟಿಂಗ್ ಪ್ರೆಸ್, ಸ್ವಂತ ಕಟ್ಟಡ, ನಾನು ನನ್ನ ತಮ್ಮ ಮತ್ತೆ ಇಬ್ಬರು ಹುಡುಗ್ರು ಕೆಲಸ ಮಾಡ್ತೀವಿ. ಕಳೆದ ಮಳೆಗಾಲದಲ್ಲಿ ಮುಂದಿನ ಮೋರಿ ಉಕ್ಕಿ ಒಳಗೆ ಮೊಣಕಾಲುದ್ದ ನೀರು ನಿಂತು ಪೇಪರ್ ಬಂಡಲ್‌ಗಳೆಲ್ಲ ಹಾಳಾದ್ವು, ಅದನ್ನ ಹೇಗೋ ಸುಧಾರಿಸಿಕೊಂಡ್ವಿ ಅನ್ನೋ ಹೊತ್ತಿಗೆ ನೆಲ ಒಂದು ಕಡೆ ಇಳಿಯೋಕೆ ಶುರುವಾಯ್ತು. ರಸ್ತೆ ಕಡೆ ಗೋಡೇಲಿ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿದೆ, ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ, ಮಷಿನ್ ಲೆವೆಲ್ ತಪ್ಪಿ ನಾಲ್ಕು ಕಲರ್ ಜಾಬ್‌ನಲ್ಲಿ ರಿಜಿಸ್ಟರ್ (ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಬೀಳೋದು) ಕೂರ್ತಾನೇ ಇಲ್ಲ, ಮದುವೆ ಕಾರ್ಡ್ ಆರ್ಡರ್‌ಗಳು ವಾಪಸ್ ಬರ್ತಿವೆ. ನಗರಸಭೆಗೆ ಹೋದ್ರೆ ಒಳಚರಂಡಿ ನಮ್ಮದಲ್ಲ, ನೀರು-ಒಳಚರಂಡಿ ಮಂಡಳಿಯವರನ್ನ ಕೇಳಿ ಅಂತಾರೆ, ಮಂಡಳಿಯವರು ಅದು ಮಳೆನೀರಿನ ಮೋರಿ ನಮಗೆ ಬರಲ್ಲ ಅಂತಾರೆ, ರಸ್ತೆಯವರು ಎರಡೂ ನಮ್ಮದಲ್ಲ ಅಂತಾರೆ. ಮೆಂಬರ್ ಬಂದು ಬಗ್ಗಿ ನೋಡಿ ಫೋಟೋ ತೆಗೆಸ್ಕೊಂಡು ಹೋದ್ರು ಅಷ್ಟೇ. ಇನ್ಶೂರೆನ್ಸ್ ಇದೆ, ಆದ್ರೆ ಏಜೆಂಟ್ ನೆಲ ಕುಸಿದಿದ್ದಕ್ಕೆಲ್ಲ ಬರಲ್ಲ ಅಂತಾನೆ. ಇದುವರೆಗೆ ಕೊಟ್ಟ ಅರ್ಜಿಗಳ ಕಾಪಿ ಕಳಿಸಿದೀನಿ. ಪರಿಹಾರ ಸಿಗೋ ದಾರಿ ಇದ್ಯಾ?
— ಹೆಸರು ಹಾಕಬೇಡಿ ಅಂದಿರೋ ಓದುಗರು

ಉತ್ತರ: ಅರ್ಜಿಗಳನ್ನ ಪೂರ್ತಿ ಓದಿದೆ. ಎಲ್ಲದರಲ್ಲೂ ಒಂದೇ ಧಾಟಿ, ಬಡವರ ಮೇಲೆ ದಯೆ ತೋರಿಸಿ ಸೂಕ್ತ ಪರಿಹಾರ ಕೊಡಿಸಿ ಅಂತ. ಎಷ್ಟು ನಷ್ಟ ಆಯ್ತು ಅಂತ ಬರೆದಿದೀರಿ, ಹೋದ ಪೇಪರ್ ಲೆಕ್ಕ ಕೊಟ್ಟಿದೀರಿ, ಆದ್ರೆ ನೆಲ ಯಾಕೆ ಇಳೀತಿದೆ ಅಂತ ಒಂದ್ರಲ್ಲೂ ಕೇಳಿಲ್ಲ. ದಯೆ ಕೇಳೋ ಅರ್ಜಿಯನ್ನ ಒಂದು ಟೇಬಲ್ಲಿಂದ ಇನ್ನೊಂದಕ್ಕೆ 'ಸೂಕ್ತ ಕ್ರಮಕ್ಕಾಗಿ' ಅಂತ ಷರಾ ಬರೆದು ದಾಟಿಸ್ತಾ ಇರಬಹುದು, ಯಾರಿಗೂ ನಷ್ಟ ಇಲ್ಲ. ಇಂಥ ಪೈಪು ಇಂಥ ಜಾಗದಲ್ಲಿ ಒಡೆದಿದೆಯಾ, ಅದರ ನಿರ್ವಹಣೆ ಯಾರದು ಅನ್ನೋ ಪ್ರಶ್ನೆಗೆ ಮಾತ್ರ ಯಾರಾದ್ರೂ ಒಬ್ರು ಹೆಸರು ಹಾಕಿ ಉತ್ತರ ಕೊಡ್ಲೇಬೇಕಾಗುತ್ತೆ. ನಾನು ಹೇಳೋದೆಲ್ಲ ಇದರ ಸುತ್ತಾನೇ, ಮೊದಲು ಕಾರಣ ಕಾಗದದ ಮೇಲೆ ಬರಲಿ, ದುಡ್ಡಿನ ಮಾತು ಅದರ ಹಿಂದೆ.

ಅದಕ್ಕೂ ಮುಂಚೆ ಜೀವದ ವಿಷಯ. ಬಿರುಕು ಎಷ್ಟು ಅಗಲ ಅಂತ ನೀವು ಬರೆದಿಲ್ಲ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಒಂದು ಅಳತೆಪಟ್ಟಿ ಇದೆ, ಬೇರೆ ದೇಶದ ಎಂಜಿನಿಯರ್‌ಗಳೂ ಅದನ್ನ ನೋಡ್ತಾರೆ, ಅದರಲ್ಲಿ 5 ಮಿಲಿಮೀಟರ್ ತನಕ ಸಣ್ಣ ಹಾನಿ, 5ರಿಂದ 15 ಮಧ್ಯಮ, 15 ದಾಟಿದ್ರೆ ಗಂಭೀರ, 25 ದಾಟಿದ್ರೆ ಅತಿ ಗಂಭೀರ. ಬಾಗಿಲು ಕಿಟಕಿ ಸಿಕ್ಕಿಕೊಳ್ಳೋದು ಮಧ್ಯಮದ ಲಕ್ಷಣ, ಅಂದ್ರೆ ನಿಮ್ಮ ಶಟರ್ ಆಗಲೇ ಅಲ್ಲಿಗೆ ಬಂದಿದೆ. ರಸ್ತೆ ಗೋಡೆ ಪಕ್ಕ ಪೇಪರ್ ಸ್ಟಾಕ್ ಪೇರಿಸಿದ್ರೆ ಇವತ್ತೇ ಹಿಂದಕ್ಕೆ ಸಾಗಿಸಿ, ಅದರ ತೂಕ ನಿಮಗೆ ಹೇಳ್ಬೇಕಾಗಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಚೆಕ್ ಮಾಡಿಸಿ, ನೀರು ನಿಂತ ಜಾಗ, ಮೇಲೆ ತ್ರೀ ಫೇಸ್ ಮಷಿನ್. ಆಮೇಲೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಲೆಟರ್‌ಹೆಡ್‌ನಲ್ಲಿ ರಿಪೋರ್ಟ್ ಬರೆಸ್ಕೊಳ್ಳಿ. ಮೇಸ್ತ್ರಿ ಅಲ್ಲ, ಎಂಜಿನಿಯರ್. ಮೇಸ್ತ್ರಿ ಸಿಮೆಂಟ್ ತುಂಬಿ ಹೋಗ್ತಾನೆ, ತುಂಬಿದ ಮೇಲೆ ಬಿರುಕೂ ಇಲ್ಲ ಸಾಕ್ಷಿಯೂ ಇಲ್ಲ.

ಈಗ ಕಾರಣಕ್ಕೆ ಬರೋಣ. ನೀವು ಹೇಳೋದನ್ನ ನೋಡಿದ್ರೆ ಎರಡು ಸಾಧ್ಯತೆ ಕಾಣುತ್ತೆ. ಒಂದು, ಕಟ್ಟಡ ಕಟ್ಟೋವಾಗ ಹಳ್ಳಕ್ಕೆ ಮಣ್ಣು ತುಂಬಿ ಸರಿಯಾಗಿ ದಮ್ಮಸು ಮಾಡದೆ ನೆಲ ಹಾಕಿರೋದು. ಹಾಗಿದ್ರೆ ಮೊದಲ ಸಲ ಚೆನ್ನಾಗಿ ನೀರು ಕುಡಿದಾಗ ಆ ಮಣ್ಣು ಒಮ್ಮೆಲೇ ಕೂರುತ್ತೆ, ಆಮೇಲೆ ಹೆಚ್ಚುಕಮ್ಮಿ ನಿಂತುಬಿಡುತ್ತೆ. ಎರಡು, ನೆಲದಡಿ ಪೈಪು ಅಥವಾ ಮೋರಿಯ ಜಾಯಿಂಟ್ ಬಿಟ್ಟಿರೋದು. ಸೋರೋ ನೀರು ಮಣ್ಣನ್ನ ಒದ್ದೆ ಮಾಡಿದ್ರೆ ಮುಗೀತು ಅಂತ ಜನ ಅಂದ್ಕೋತಾರೆ, ಹಾಗಲ್ಲ, ಒಡೆದ ಪೈಪಿನೊಳಗೆ ನುಣ್ಣನೆ ಮಣ್ಣು ಮರಳು ನೀರಿನ ಜೊತೆ ಜಾರಿ ಹರಿದು ಹೋಗ್ತಾ ಇರುತ್ತೆ, ತಳ ತೂತಾದ ರವೆ ಡಬ್ಬದ ಥರ, ಮೇಲೆ ಸ್ವಲ್ಪ ದಿನ ಏನೂ ಗೊತ್ತಾಗಲ್ಲ, ಒಳಗೆ ಪೊಳ್ಳು ದೊಡ್ಡದಾಗ್ತಾ ಇರುತ್ತೆ. ಇದು ನಿಲ್ಲಲ್ಲ. ಪ್ರತಿ ಮಳೆಗೂ ಮೋರಿ ತುಂಬಿ ಇಳಿಯೋವಾಗ ಇನ್ನಷ್ಟು ಎಳ್ಕೊಂಡು ಹೋಗುತ್ತೆ. ನೀರು ಇಳಿದು ಎಷ್ಟೋ ದಿನ ಆದ್ಮೇಲೂ ಮಷಿನ್ ಲೆವೆಲ್ ಮತ್ತೆ ಮತ್ತೆ ತಪ್ಪುತ್ತಾ ಇದ್ರೆ ನನಗೆ ಎರಡನೇದರ ಮೇಲೇ ಅನುಮಾನ.

ಇದನ್ನ ನೀವೇ ಸ್ವಲ್ಪ ಪತ್ತೆ ಮಾಡಬಹುದು. ಕಬ್ಬಿಣದ ರಾಡ್‌ನಿಂದ ನೆಲ ತಟ್ಟುತ್ತಾ ರಸ್ತೆ ಕಡೆಯಿಂದ ಒಳಗೆ ಬನ್ನಿ, ಪೊಳ್ಳಿರೋ ಕಡೆ ಸದ್ದು ಡಬ್ ಡಬ್ ಅಂತ ಬೇರೆ ಬರುತ್ತೆ, ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಆ ಗೆರೆ ಯಾವ ಮ್ಯಾನ್‌ಹೋಲ್ ಅಥವಾ ಯಾವ ಮೋರಿ ಕಡೆ ಹೋಗ್ತಿದೆ ನೋಡಿ. ನಿಮ್ಮ ನಲ್ಲಿಗಳೆಲ್ಲ ಬಂದ್ ಮಾಡಿ ನೀರಿನ ಮೀಟರ್ ರಾತ್ರಿ ಒಂದ್ಸಲ ಬೆಳಗ್ಗೆ ಒಂದ್ಸಲ ಓದಿ, ಮುಳ್ಳು ತಿರುಗಿದ್ರೆ ಸೋರಿಕೆ ನಿಮ್ಮ ಕಟ್ಟಡದ್ದೇ, ಬೇರೆಯವರ ಮೇಲೆ ದೂರು ಹೇಳೋ ಮುಂಚೆ ಇದನ್ನ ಖಾತ್ರಿ ಮಾಡ್ಕೊಳ್ಳಿ. ನೆಲದ ಬಿರುಕಿಂದ ನೀರು ಜಿನುಗ್ತಿದ್ರೆ ಬಾಟಲಿಗೆ ಹಿಡಿದು ಲ್ಯಾಬಿಗೆ ಕೊಡಿ, ಅದರಲ್ಲಿ ಕ್ಲೋರಿನ್ ಉಳಿದಿದ್ರೆ ಸರಬರಾಜು ನೀರಿನ ಪೈಪಿಂದು ಅನ್ನೋದಕ್ಕೆ ಒಳ್ಳೆ ಸುಳಿವು, ಅಮೋನಿಯಾ ಮತ್ತೆ ಕೋಲಿಫಾರ್ಮ್ ಸಿಕ್ಕಿದ್ರೆ ಕೊಳಚೆ ಲೈನು. ಕ್ಲೋರಿನ್ ಸಿಗಲಿಲ್ಲ ಅಂದ ಮಾತ್ರಕ್ಕೆ ಸರಬರಾಜು ಪೈಪು ಸರಿಯಿದೆ ಅಂತಲ್ಲ, ಮಣ್ಣಲ್ಲಿ ಹಾದು ಬರೋ ಹೊತ್ತಿಗೆ ಕ್ಲೋರಿನ್ ಕಳೆದು ಹೋಗಿರಬಹುದು.

ಬಿರುಕು ಬೆಳೀತಿದೆ ಅಂತ ತೋರಿಸೋದಕ್ಕೆ ಹಳೇ ಉಪಾಯ ಒಂದಿದೆ, ಎಂಜಿನಿಯರ್‌ಗಳು ಟೆಲ್‌ಟೇಲ್ ಅಂತಾರೆ. ತೆಳು ಗಾಜಿನ ಪಟ್ಟಿಯನ್ನ ಬಿರುಕಿಗೆ ಅಡ್ಡ ಇಟ್ಟು ಎರಡೂ ತುದಿ ಗೋಡೆಗೆ ಅಂಟಿಸೋದು, ಪಕ್ಕದಲ್ಲಿ ತಾರೀಕು ಬರೆಯೋದು. ಗೋಡೆ ಅಲ್ಲಾಡಿದ್ರೆ ಗಾಜು ಒಡೆಯುತ್ತೆ, ಆಗ ಹಳೇ ಬಿರುಕು ಬಿಡಿ ಅಂತ ಯಾರೂ ತಳ್ಳಿಹಾಕೋಕೆ ಆಗಲ್ಲ. ಬಿರುಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಹಳೇದಾದ್ರೆ ಅಂಚಲ್ಲಿ ಧೂಳು ಬಣ್ಣ ಕೂತಿರುತ್ತೆ, ಹೊಸದರ ಅಂಚು ಈಗಷ್ಟೇ ಇಟ್ಟಿಗೆ ಮುರಿದ ಹಾಗೆ ಚೊಕ್ಕ. ನಿಮ್ಮ ಹತ್ರ ಇನ್ನೊಂದು ಸಾಕ್ಷಿ ಇದೆ, ಬೇರೆ ಯಾವ ವ್ಯಾಪಾರದವರಿಗೂ ಇರಲ್ಲ: ರಿಜಿಸ್ಟರ್ ತಪ್ಪಿದ ವೇಸ್ಟ್ ಶೀಟುಗಳು. ಹಳದಿ ಮೇಲೆ ಕೆಂಪು ಎಷ್ಟು ಸರಿದಿದೆ ಅನ್ನೋದು ಕ್ರಾಸ್ ಮಾರ್ಕಲ್ಲೇ ಕಾಣುತ್ತೆ, ಅವನ್ನ ರದ್ದಿಗೆ ಹಾಕಬೇಡಿ, ಜಾಬ್ ತಾರೀಕು ಬರೆದು ಕಟ್ಟಿಡಿ. ಆದ್ರೆ ರಿಜಿಸ್ಟರ್ ಬೇರೆ ಕಾರಣಕ್ಕೂ ತಪ್ಪುತ್ತೆ, ಪೇಪರ್ ತೇವ ಹೀರ್ಕೊಂಡು ಹಿಗ್ಗಿದ್ರೂ ಹಾಗೇ ಆಗುತ್ತೆ, ಅದಕ್ಕೇ ಸರ್ವಿಸ್ ಮೆಕ್ಯಾನಿಕ್ ಬಂದಾಗ ಸ್ಪಿರಿಟ್ ಲೆವೆಲ್ ಮಷಿನ್ ಬೆಡ್ ಮೇಲಿಟ್ಟು ಫೋಟೋ ತೆಗೆದು ಅವನ ಸರ್ವಿಸ್ ರಿಪೋರ್ಟಲ್ಲಿ ಬರೆಸಿ.

ಇಷ್ಟು ಕೈಲಿಟ್ಟುಕೊಂಡು ಆಫೀಸಿಗೆ ಹೋಗಿ. ಅರ್ಜಿ ಒಂದೇ, ವಿಳಾಸ ಮೂರೂ ಇಲಾಖೆಗೆ, ಪ್ರತಿಯೊಂದರಲ್ಲೂ ಉಳಿದೆರಡಕ್ಕೆ ಕಾಪಿ ಕೊಟ್ಟಿದೀನಿ ಅಂತ ಬರೀರಿ. ಟಪಾಲು ಸೆಕ್ಷನ್‌ನಲ್ಲಿ ಸೀಲ್ ಹಾಕಿಸಿ ಇನ್ವರ್ಡ್ ನಂಬರ್ ಇಸ್ಕೊಳ್ಳಿ, ಸೀಲ್ ಇಲ್ಲದ ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ. ಜೊತೆಗೆ ಮಾಹಿತಿ ಹಕ್ಕು ಅರ್ಜಿ. 2005ರ ಕಾಯ್ದೆಯನ್ನ ನಮ್ಮ ಜನ ಕಾಗದದ ಜೆರಾಕ್ಸ್ ತರಿಸೋಕೆ ಮಾತ್ರ ಬಳಸ್ತಾರೆ, ಅದರ ಕಲಂ 2(ಜೆ) ತೆಗೆದು ಓದಿ, ಕಾಮಗಾರಿಯನ್ನ ಖುದ್ದು ಪರಿಶೀಲನೆ ಮಾಡೋದು, ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳ್ಳೋದು ಎರಡೂ ಆ ಹಕ್ಕಿನೊಳಗೇ ಬರುತ್ತೆ. ನಿಮ್ಮ ರಸ್ತೆಯ ಮೋರಿ ಮತ್ತು ಒಳಚರಂಡಿಯ ನಕ್ಷೆ, ಕಾಮಗಾರಿ ಮುಗಿದ ವರ್ಷ, ನಿರ್ವಹಣೆ ಹೊಣೆ ಯಾವ ಇಲಾಖೆದು, ಕಳೆದ ಮಳೆಗಾಲದ ಮುಂಚೆ ಹೂಳು ತೆಗೆದಿದ್ದಕ್ಕೆ ಬಿಲ್, ಇವಿಷ್ಟು ಕೇಳಿ. ಯಾಕೆ ತೆಗೆದಿಲ್ಲ ಅಂತ ಕೇಳಬೇಡಿ, ಯಾಕೆ ಅನ್ನೋದು ಮಾಹಿತಿ ಅಲ್ಲ ಅಂತ ವಾಪಸ್ ಕಳಿಸ್ತಾರೆ. 30 ದಿನದಲ್ಲಿ ಉತ್ತರ ಬರ್ಬೇಕು, ಬರದಿದ್ರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ತನಕ ದಂಡ ಹಾಕಬಹುದು, ಅದೂ ಅವರ ಸ್ವಂತ ಜೇಬಿಂದ.

ಲಿಖಿತ ದಾಖಲೆಗೆ ಇಷ್ಟೊಂದು ಜೋತು ಬೀಳೋದ್ಯಾಕೆ ಅಂದ್ರೆ ಉತ್ತರಾಖಂಡದ ಬೆಟ್ಟದೂರು ಜೋಶಿಮಠ ನೆನಪಿಸ್ಕೊಳ್ಳಿ. 2023ರ ಜನವರಿಯಲ್ಲಿ ಮನೆ ಹೋಟೆಲುಗಳಲ್ಲಿ ಬಿರುಕು ಹಬ್ಬಿ ಒಂದಕ್ಕೊಂದು ವಾಲಿದ ಎರಡು ಹೋಟೆಲ್ ಕೆಡವಬೇಕಾಯ್ತು, ಆಗ ಎಲ್ಲರೂ ಎತ್ತಿ ತೋರಿಸಿದ್ದು ಗಢವಾಲ್ ಆಯುಕ್ತರಾಗಿದ್ದ ಎಂ.ಸಿ. ಮಿಶ್ರಾ ಅಧ್ಯಕ್ಷತೆಯ ಸಮಿತಿಯ 1976ರ ವರದಿ. ಊರು ಕೂತಿರೋದೇ ಹಳೇ ಭೂಕುಸಿತದ ಮಣ್ಣುಕಲ್ಲಿನ ಮೇಲೆ, ಭಾರಿ ಕಟ್ಟಡ ಬೇಡ ಅಂತ ಅದರಲ್ಲಿ ಆಗಲೇ ಬರೆದಿತ್ತು. ಆ ವರದಿಯನ್ನ ಕೇಳಿದ್ದಿದ್ರೆ ಅನ್ನೋದು ಬೇರೆ ಮಾತು, ಆದ್ರೆ ಗೊತ್ತೇ ಇರಲಿಲ್ಲ ಅಂತ ಹೇಳೋ ಅವಕಾಶವನ್ನ ಅದು ಯಾರಿಗೂ ಉಳಿಸಲಿಲ್ಲ.

ಇಷ್ಟಾದ್ರೂ ಮೋರಿ ತೆರೆದು ನೋಡದಿದ್ರೆ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152 (ಹಳೇ ಸಿಆರ್‌ಪಿಸಿ 133) ಪ್ರಕಾರ ಸಾರ್ವಜನಿಕ ಉಪದ್ರವ ತೆಗೆಸೋಕೆ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡಬಹುದು. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಒಂದು ವಾರ್ಡಿನ ಜನ ತೆರೆದ ಚರಂಡಿ ಗಬ್ಬು ತಡೀಲಾರದೆ ಇದೇ ಕಲಮಿನಡಿ ಹೋದ್ರು, ಪುರಸಭೆ ನಮ್ಮ ಹತ್ರ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋಯ್ತು, 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪೀಠ ದುಡ್ಡಿಲ್ಲ ಅನ್ನೋದು ಕರ್ತವ್ಯದಿಂದ ನುಣುಚಿಕೊಳ್ಳೋಕೆ ನೆಪ ಆಗಲ್ಲ ಅಂತ ಪುರಸಭೆಗೇ ಕೆಲಸ ಹಚ್ಚಿತು. ಇಲ್ಲೊಂದು ಸೂಕ್ಷ್ಮ ಇದೆ: ಉಪದ್ರವ ಸಾರ್ವಜನಿಕ ಆಗಿರ್ಬೇಕು. ನಿಮ್ಮ ಒಂದು ಗೋಡೆ ಬಿರುಕು ಅಂತ ಹೋದ್ರೆ ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ, ರಸ್ತೆ ಅಂಚು ಕುಸೀತಿದೆ, ಓಡಾಡೋರು ಬೀಳ್ತಾರೆ ಅಂತ ಅಕ್ಕಪಕ್ಕದ ಅಂಗಡಿಯವರ ಸಹಿ ಸಮೇತ ಹೋಗಿ. ಇದರಲ್ಲಿ ದುಡ್ಡು ಬರಲ್ಲ, ಮೋರಿ ತೆರೆಯುತ್ತೆ. ತೆರೆದ ದಿನ ಅಲ್ಲೇ ನಿಂತು ವಿಡಿಯೋ ಮಾಡಿ, ಒಡೆದ ಜಾಯಿಂಟ್ ಕಂಡ್ರೆ ನಿಮ್ಮ ಕೇಸಿನ ಅರ್ಧ ಅಲ್ಲೇ ಆಯ್ತು.

ಇನ್ಶೂರೆನ್ಸ್ ವಿಷಯದಲ್ಲಿ ನಿಮ್ಮ ಏಜೆಂಟ್ ಮಾತು ಪೂರ್ತಿ ಸರಿಯಲ್ಲ. ಕಟ್ಟಡ, ಮಷಿನ್, ಸ್ಟಾಕ್ ಎಲ್ಲ ಸೇರಿ 5 ಕೋಟಿ ಒಳಗಿರೋ ವ್ಯಾಪಾರಕ್ಕೆ 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅಂತ ಎಲ್ಲಾ ಕಂಪನಿಗೂ ಒಂದೇ ನಮೂನೆ ಪಾಲಿಸಿ ಬಂದಿದೆ, ನಿಮ್ದು ಅದೇ ಇರಬಹುದು, ತೆಗೆದು ನೋಡಿ. ಅದರಲ್ಲಿ ಪ್ರವಾಹವೂ ಇದೆ, ಕಟ್ಟಡ ನಿಂತ ಜಾಗದ ಕುಸಿತವೂ ಇದೆ, ಪೈಪ್ ಒಡೆದು ಆಗೋ ನಷ್ಟವೂ ಇದೆ. ಆದ್ರೆ ಕುಸಿತದ ಕೆಳಗೆ ಹೊರಗಿಟ್ಟ ಪಟ್ಟಿ ಉದ್ದ ಇದೆ, ಹೊಸ ಕಟ್ಟಡ ಸಹಜವಾಗಿ ಕೂರೋದು, ತುಂಬಿದ ಮಣ್ಣು ಕೂರೋದು, ಕೆಟ್ಟ ಡಿಸೈನ್ ಅಥವಾ ಕಳಪೆ ಕೆಲಸ, ಪಕ್ಕದಲ್ಲಿ ಅಗೆತ, ನದಿ ಕೊರೆತ. ಈಗ ಗೊತ್ತಾಯ್ತಲ್ಲ ಕಾರಣ ಕಾರಣ ಅಂತ ನಾನು ಯಾಕೆ ಬಡ್ಕೋತಿದೀನಿ ಅಂತ? ನಷ್ಟ ಅಳೆಯೋಕೆ ಇನ್ಶೂರೆನ್ಸ್ ಕಂಪನಿ ಕಳಿಸೋ ಸರ್ವೇಯರ್ ಬಂದು ತುಂಬಿದ ಮಣ್ಣು ಕೂತಿದೆ ಅಂತ ಒಂದು ಸಾಲು ಬರೆದ್ರೆ ಕ್ಲೇಮ್ ಹೋಯ್ತು, ಮೋರಿ ಒಡೆದು ಅಡಿಯ ಮಣ್ಣು ಕೊಚ್ಚಿ ಹೋಗಿದೆ ಅಂತ ನಿಮ್ಮ ಎಂಜಿನಿಯರ್ ರಿಪೋರ್ಟ್ ಎದುರಿಗಿದ್ರೆ ಆ ಸಾಲು ಬರೆಯೋದು ಅವನಿಗೆ ಸುಲಭ ಅಲ್ಲ. ಏಜೆಂಟ್ ಬಾಯಲ್ಲಿ ಬರಲ್ಲ ಅಂದಿದ್ದನ್ನ ಲೆಕ್ಕಕ್ಕಿಡಬೇಡಿ, ಕಂಪನಿಗೆ ಇವತ್ತೇ ಮೇಲ್ ಮಾಡಿ ಕ್ಲೇಮ್ ನಂಬರ್ ತಗೊಳ್ಳಿ, ತಡ ಆಗಿದ್ರೆ ಯಾಕೆ ಅಂತಾನೂ ಬರೀರಿ. ನೆನೆದ ಪೇಪರ್ ನಷ್ಟ ಮತ್ತು ಕುಸಿತದ ನಷ್ಟ ಬೇರೆ ಬೇರೆ ಹಾಕಿ, ಒಂದು ಬಿದ್ದರೆ ಇನ್ನೊಂದನ್ನ ಎಳ್ಕೊಂಡು ಬೀಳಬಾರದು. ವಾಪಸ್ ಬಂದ ಆರ್ಡರ್‌ಗಳ ಲಾಭನಷ್ಟ ಇದರಲ್ಲಿ ಸಾಮಾನ್ಯವಾಗಿ ಬರಲ್ಲ, ಅದಕ್ಕೆ ಬೇರೆ ಕವರ್ ತಗೊಂಡಿರ್ಬೇಕಿತ್ತು. ಸರ್ವೇ ರಿಪೋರ್ಟಿನ ಕಾಪಿ ಕೇಳಿ ಪಡೀರಿ. ಕ್ಲೇಮ್ ತಿರಸ್ಕಾರ ಮಾಡಿದ್ರೆ ಕಂಪನಿಗೆ ಲಿಖಿತ ದೂರು, ಒಂದು ತಿಂಗಳಲ್ಲಿ ಸರಿಹೋಗದಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇಂಥ ದೂರು ಇತ್ಯರ್ಥ ಮಾಡೋ ಅಧಿಕಾರಿ), ಒಬ್ಬರೇ ಮಾಲೀಕರ ವ್ಯಾಪಾರಕ್ಕೂ ಸೂಕ್ಷ್ಮ ಉದ್ಯಮಕ್ಕೂ ಅವಕಾಶ ಇದೆ, 50 ಲಕ್ಷ ತನಕ, ಫೀಸಿಲ್ಲ ವಕೀಲರೂ ಬೇಕಿಲ್ಲ.

ಇನ್ನು ಸರ್ಕಾರದ ಪ್ರಕೃತಿ ವಿಕೋಪ ಪರಿಹಾರ. ಇದರ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ. ವಿಪತ್ತು ಸ್ಪಂದನಾ ನಿಧಿಯ ಮಾನದಂಡ ಜೀವ, ಮನೆ, ಬೆಳೆ, ಜಾನುವಾರು, ಕೈಮಗ್ಗ ಕರಕುಶಲದವರ ಸುತ್ತ ಇದೆ, ಅಂಗಡಿ ಸ್ಟಾಕಿಗೆ ಅಂತ ಬಾಬ್ತು ಇಲ್ಲ. ಕೇಂದ್ರದ ಪಟ್ಟಿಯಲ್ಲಿ ಪ್ರವಾಹ ಇದೆ, ಭೂಕುಸಿತ ಅಂದ್ರೆ ಗುಡ್ಡ ಜಾರೋದು ಇದೆ, ನೆಲ ಕೆಳಕ್ಕೆ ಇಳಿಯೋದು ಹೆಸರು ಹಿಡಿದು ಇಲ್ಲ. ಆದ್ರೂ ಕಂದಾಯ ಇಲಾಖೆಯವರಿಂದ ಪ್ರವಾಹದ ಮಹಜರು ಮಾಡಿಸಿ ಇಟ್ಕೊಳ್ಳಿ, ರಾಜ್ಯ ಸರ್ಕಾರ ಒಮ್ಮೊಮ್ಮೆ ಬೇರೆ ಆದೇಶ ಮಾಡಿದಾಗ ಮಹಜರು ಇದ್ದೋರಿಗೆ ಸಿಗುತ್ತೆ, ಇನ್ಶೂರೆನ್ಸಿಗೂ ಅದು ಉಪಯೋಗ.

ಕೊನೆಗೆ ಕೋರ್ಟು. ಶಾಸನದ ಪ್ರಕಾರ ಮಾಡ್ಬೇಕಾದ್ದನ್ನ ಮಾಡಲಿಲ್ಲ ಅನ್ನೋ ಪರಿಹಾರ ದಾವೆಗೆ ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದದಲ್ಲಿ ಒಂದೇ ವರ್ಷ ಇದೆ. ಮೂರು ವರ್ಷ ಇರುತ್ತೆ ಅಂದ್ಕೊಂಡು ಕೂತು ಕೆಟ್ಟೋರು ಬೇಕಾದಷ್ಟು ಜನ. ನಿಮ್ಮದು ಮುಂದುವರೀತಿರೋ ಹಾನಿ, ವಕೀಲರು ಅದನ್ನ ವಾದ ಮಾಡಬಹುದು, ಆದ್ರೆ ಆ ವಾದದ ಭರವಸೆ ಮೇಲೆ ತಾರೀಕು ಕಳೀಬೇಡಿ. ಸರ್ಕಾರದ ಮೇಲೆ ದಾವೆಗೆ ಮುಂಚೆ ಎರಡು ತಿಂಗಳ ನೋಟಿಸ್ ಬೇರೆ ಕೊಡ್ಬೇಕು, ಸ್ಥಳೀಯ ಸಂಸ್ಥೆಗೆ ಅದರದ್ದೇ ಕಾಯ್ದೆಯ ನೋಟಿಸ್ ಇರುತ್ತೆ. ಮೊದಲ ಸಲ ನೀರು ನುಗ್ಗಿದ ತಾರೀಕು ಬರ್ಕೊಂಡು ಈ ವಾರವೇ ವಕೀಲರನ್ನ ನೋಡಿ.

ಪ್ರಶ್ನೆ: ಅಕ್ಕಾ, ನಂದು ಬಾಡಿಗೆ ಅಂಗಡಿ, ಟೈಲರಿಂಗ್. ನೀರು ನುಗ್ಗಿ ನೆಲ ಕಿತ್ತು ಹೋಗಿದೆ, ಹಿಂದಿನ ಕೋಣೆ ಕುಸಿದಿದೆ. ಓನರ್ ರಿಪೇರಿ ಮಾಡಿಸಲ್ಲ, ಬಾಡಿಗೆ ಮಾತ್ರ ಪೂರ್ತಿ ಬೇಕು ಅಂತಾರೆ, ಬಿಟ್ಟು ಹೋಗ್ತೀನಿ ಅಂದ್ರೆ ಅಡ್ವಾನ್ಸ್ ಮುರ್ಕೋತೀನಿ ಅಂತಾರೆ.
— ಒಬ್ಬ ಓದುಗಿ

ಉತ್ತರ: ಮೊದಲು ಅಗ್ರಿಮೆಂಟ್ ತೆಗೆದು ರಿಪೇರಿ ಯಾರದ್ದು ಅಂತ ಬರೆದಿದೆಯಾ ನೋಡಮ್ಮ, ಅದರಲ್ಲಿ ಬೇರೆ ಥರ ಬರೆದಿದ್ರೆ ಅದೇ ನಡೆಯುತ್ತೆ. ಏನೂ ಬರೆದಿಲ್ಲ ಅಂದ್ರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108 ನಿನ್ನ ಕೈಹಿಡಿಯುತ್ತೆ. ಪ್ರವಾಹದಿಂದ ಜಾಗದ ಮುಖ್ಯ ಭಾಗ ಬಾಡಿಗೆಗೆ ತಗೊಂಡ ಉದ್ದೇಶಕ್ಕೆ ಶಾಶ್ವತವಾಗಿ ಬಾರದಂಗೆ ಹಾಳಾಗಿದ್ರೆ ಬಾಡಿಗೆ ಕರಾರು ಬೇಡ ಅನ್ನೋ ಆಯ್ಕೆ ಬಾಡಿಗೆದಾರರದ್ದು. ಶಾಶ್ವತವಾಗಿ ಅನ್ನೋದನ್ನ ಗಮನಿಸು, ಒಂದು ವಾರ ನೀರು ನಿಂತಿತ್ತು ಅಂದ್ರೆ ಸಾಲಲ್ಲ, ಹಿಂದಿನ ಕೋಣೆ ಎಷ್ಟರಮಟ್ಟಿಗೆ ಕುಸಿದಿದೆ ಅನ್ನೋದರ ಮೇಲಿದೆ. ಬಿಡೋ ಮನಸ್ಸಿಲ್ಲ, ಗಿರಾಕಿ ಎಲ್ಲ ಅಲ್ಲೇ ಇದಾರೆ ಅಂದ್ರೆ ಅದೇ ಕಲಮಿನಲ್ಲಿ ಇನ್ನೊಂದು ದಾರಿ ಇದೆ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟು ಸಮಂಜಸ ಕಾಲ ಕಾದ ಮೇಲೂ ಮಾಡಿಸದಿದ್ರೆ ನೀನೇ ಮಾಡಿಸಿ ಖರ್ಚನ್ನ ಬಡ್ಡಿ ಸಮೇತ ಬಾಡಿಗೇಲಿ ಮುರ್ಕೋಬಹುದು. ನೋಟಿಸ್ ವಾಟ್ಸಾಪಲ್ಲಿ ಕಳಿಸಿದ್ರೂ ಸ್ಪೀಡ್ ಪೋಸ್ಟಲ್ಲೂ ಕಳಿಸು, ತಲುಪಿದ್ದಕ್ಕೆ ಪುರಾವೆ ಇಟ್ಕೋ. ಏನೂ ಹೇಳದೆ ಬಾಡಿಗೆ ನಿಲ್ಲಿಸೋದು ಮಾತ್ರ ಬೇಡ, ಬಾಡಿಗೆ ಬಾಕಿ ಅಂತ ಅವರೇ ಮೊದಲು ಕೇಸ್ ಹಾಕಿ ಖಾಲಿ ಮಾಡಿಸ್ತಾರೆ. ಕಟ್ಟಡದ ಇನ್ಶೂರೆನ್ಸ್ ಅವರದ್ದು, ಹೊಲಿಗೆ ಮಷಿನ್ ಬಟ್ಟೆ ನಿಂದು, ನಿನ್ನ ಸಾಮಾನಿಗೆ ನೀನೇ ಪಾಲಿಸಿ ಮಾಡಿಸ್ಬೇಕು. ಗಿರಾಕಿಗಳ ಬಟ್ಟೆಯೂ ಅದರಲ್ಲಿ ಸೇರಿದೆಯಾ ಅಂತ ಕೇಳು, ಎಷ್ಟೋ ಜನ ಇದನ್ನ ಮರೀತಾರೆ.

ಪ್ರಶ್ನೆ: ವೆಲ್ಡಿಂಗ್ ವರ್ಕ್‌ಶಾಪ್, ಪ್ರವಾಹದಲ್ಲಿ ಎಲ್ಲ ಹೋಯ್ತು, ಬ್ಯಾಂಕ್ ಸಾಲದ ಕಂತು ನಿಂತಿದೆ, ಇನ್ಶೂರೆನ್ಸ್ ಮಾಡಿಸಿಲ್ಲ. ಏನ್ಮಾಡ್ಲಿ?

ಉತ್ತರ: ಮಾಡಿಸಿಲ್ಲ ಅಂತ ಹೇಗೆ ಗೊತ್ತು? ಮಷಿನ್ ಸ್ಟಾಕ್ ಅಡ ಇಟ್ಕೊಂಡು ಸಾಲ ಕೊಟ್ಟ ಬ್ಯಾಂಕು ಸಾಮಾನ್ಯವಾಗಿ ತಾನೇ ಪಾಲಿಸಿ ಮಾಡಿಸಿ ಪ್ರೀಮಿಯಂ ನಿಮ್ಮ ಅಕೌಂಟಿಂದ ಹಿಡಿದಿರುತ್ತೆ. ಸ್ಟೇಟ್‌ಮೆಂಟ್ ತೆಗೆಸಿ ನೋಡಿ, ಪ್ರೀಮಿಯಂ ಹೋಗಿದ್ರೆ ಪಾಲಿಸಿ ಕಾಪಿ ಕೇಳಿ, ಅದರಲ್ಲಿ ವರ್ಕ್‌ಶಾಪ್ ವಿಳಾಸ ಸರಿಯಿದೆಯಾ ನೋಡಿ, ಹಳೇ ವಿಳಾಸದಲ್ಲೇ ರಿನ್ಯೂವಲ್ ಆಗಿ ಕ್ಲೇಮ್ ಸಿಕ್ಕಿಬಿದ್ದಿರೋದು ಉಂಟು. ಕ್ಲೇಮ್ ಬಂದ್ರೂ ದುಡ್ಡು ಮೊದಲು ಸಾಲಕ್ಕೆ ಜಮಾ ಆಗುತ್ತೆ. ಕಂತಿನ ವಿಷಯಕ್ಕೆ ಬಂದ್ರೆ, ಪ್ರಕೃತಿ ವಿಕೋಪದ ಪ್ರದೇಶದಲ್ಲಿ ಸಾಲದ ಕಂತು ಮುಂದೂಡೋದು, ಮರುಹೊಂದಾಣಿಕೆ ಮಾಡೋದರ ಬಗ್ಗೆ ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ, ಆದ್ರೆ ಅದು ತಾನಾಗೇ ಆಗಲ್ಲ, ಅಕೌಂಟ್ ಎನ್‌ಪಿಎ ಆಗೋ ಮುಂಚೆ ಲಿಖಿತವಾಗಿ ಕೇಳಬೇಕು. ಎನ್‌ಪಿಎ ಅಂದ್ರೆ ಕಂತು ಬಾಕಿ 90 ದಿನ ದಾಟೋದು. ಮಹಜರು, ಫೋಟೋ, ಕೈಲಿರೋ ಆರ್ಡರ್‌ಗಳ ಪಟ್ಟಿ ಜೊತೆ ಮ್ಯಾನೇಜರ್ ಹತ್ರ ಹೋಗಿ, ಮತ್ತೆ ಕೆಲಸ ಶುರು ಮಾಡೋಕೆ ಯಾವ ಮಷಿನ್ ಮೊದಲು ಬೇಕು ಅಂತ ಬರ್ಕೊಂಡು ಹೋಗಿ.